ಒಳಗಿನಿಂದ ಉತ್ತರ ಬರುವ ತನಕ

ಮಾತುಕತೆಗೆ ಕೂರುವ ಮೊದಲು ಎದುರಿನವನಿಗೆ ಯಾವುದರ ಭಯ ಎಂದು ತಿಳಿದುಕೊಳ್ಳಿ. ದರ, ಅವಧಿ, ಷರತ್ತು ಎಲ್ಲ ಆಮೇಲೆ. ಮೈಸೂರಿನ ಮಾರುಕಟ್ಟೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದ ಕಾಲದಿಂದ ಓ'ಹೇರ್ ವಿಮಾನ ನಿಲ್ದಾಣದ ಪಕ್ಕದ ಹೋಟೆಲುಗಳಲ್ಲಿ ಮದುವೆ ಹಾಲ್ ಗೊತ್ತುಮಾಡುವ ಕಾಲದವರೆಗೆ ಈ ಸೂತ್ರ ನನ್ನ ಕೈಬಿಟ್ಟಿಲ್ಲ. ಸಂಜೆಯಾದರೆ ಸೊಪ್ಪಿನವಳಿಗೆ ಬಾಡುವ ಭಯ. ಹೋಟೆಲಿನವನಿಗೆ ಶನಿವಾರ ಹಾಲ್ ಖಾಲಿ ಉಳಿಯುವ ಭಯ. ಆದರೆ ಎಲ್ಲರ ಕೆಲಸವೂ ಅಲ್ಲಾಡುತ್ತಿದ್ದ ಆ ರಿಸೆಷನ್ನಿನ ಚಳಿಗಾಲದಲ್ಲಿ, ಒಂದು ಹೂಲಾ ಶಾಲೆಯ ಪರವಾಗಿ ಮಾತಿಗೆ ಕೂತಾಗ ಈ ಸೂತ್ರಕ್ಕೆ ಇನ್ನೊಂದು ಸಾಲು ಸೇರಿಸಬೇಕಾಯಿತು.

ಆ ವಿಮಾನ ನಿಲ್ದಾಣದ ಪಕ್ಕದ ಊರಾದ ಡೆಸ್ ಪ್ಲೇನ್ಸ್‌ನ ಹಳೆಯ ಪ್ಲಾಜಾ ಒಂದರಲ್ಲಿ ನನ್ನ ಆಫೀಸು ಇತ್ತು. ಮದುವೆ, ಉಪನಯನ, ಸಂಘದ ಹಬ್ಬಗಳಿಗೆ ಹಾಲ್, ಹೂವು, ಕುರ್ಚಿ, ಅಡುಗೆಯವರನ್ನು ಹೊಂದಿಸಿಕೊಡುವುದು ನನ್ನ ಕೆಲಸ. ಅದೇ ಕಾರಿಡಾರಿನ ಕೊನೆಯ ದೊಡ್ಡ ಕೋಣೆಯಲ್ಲಿ ಹವಾಯಿಯ ಹೆಂಗಸೊಬ್ಬರು ಹೂಲಾ ನೃತ್ಯ ಕಲಿಸುತ್ತಿದ್ದರು. ಅರವತ್ತು ದಾಟಿದವರು, ಎತ್ತರದ ಆಳು, ಬಿಳಿ ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿಕೊಳ್ಳುತ್ತಿದ್ದರು. ಗಂಡನಿಗೆ ವಿಮಾನ ಕಂಪನಿಯಲ್ಲಿ ಕೆಲಸವೆಂದು ದ್ವೀಪ ಬಿಟ್ಟು ಬಂದವರು. ಶಿಷ್ಯೆಯರು ಅವರನ್ನು ಕುಮು ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಆ ಪದಕ್ಕೆ ಗುರು ಎಂದೂ ಅರ್ಥ, ಮರದ ಬುಡ ಎಂದೂ ಅರ್ಥ. ನಮ್ಮದು ಕೊಡು-ಕೊಳ್ಳುವ ಸ್ನೇಹ. ನನ್ನ ಮದುವೆಗಳಿಗೆ ಅವರ ಕಡೆಯವರು ಹಾರ ಕಟ್ಟಿಕೊಡುತ್ತಿದ್ದರು, ಅವರ ಬಾಡಿಗೆ ಕರಾರು, ವಿಮೆಯ ಕಾಗದಗಳನ್ನು ನಾನು ಓದಿ ಹೇಳುತ್ತಿದ್ದೆ.

ಹೂಲಾ ಎಂದರೆ ಹುಲ್ಲಿನ ಲಂಗ ಉಟ್ಟು ಹೋಟೆಲ್ ಪಾರ್ಟಿಯಲ್ಲಿ ನಗುತ್ತಾ ಸೊಂಟ ತಿರುಗಿಸುವುದು ಎಂದು ನಾನೂ ತಿಳಿದಿದ್ದೆ. ಕುಮು ಅವರ ಕೋಣೆಯಲ್ಲಿ ಹುಲ್ಲೂ ಇರಲಿಲ್ಲ, ಸುಮ್ಮಸುಮ್ಮನೆ ನಗುವೂ ಇರಲಿಲ್ಲ. ಎರಡು ಒಣ ಸೋರೆಬುರುಡೆಗಳನ್ನು ಒಂದರ ಮೇಲೊಂದು ಜೋಡಿಸಿದ ವಾದ್ಯವನ್ನು ದಿಂಬಿನ ಮೇಲೆ ಕುಟ್ಟಿ, ಅಂಗೈಯಿಂದ ಬಡಿದು ಅವರು ಹಾಡುತ್ತಿದ್ದರು. ಶಿಷ್ಯೆಯರು ಮೊಣಕಾಲು ಬಾಗಿಸಿ, ಎರಡೂ ಪಾದಗಳನ್ನು ನೇರಕ್ಕಿಟ್ಟು, ಕೈಯಲ್ಲಿ ಪದ್ಯದ ಅರ್ಥ ತೋರಿಸುತ್ತಾ ಕುಣಿಯಬೇಕು. ಒಂದು ಮಾತು ತೊದಲಿದರೆ ಮತ್ತೆ ಮೊದಲಿನಿಂದ.

ಅವರ ಹಿರಿಯ ಶಿಷ್ಯೆ ನಮ್ಮ ಹುಡುಗಿಯೇ. ಧಾರವಾಡದ ಕಡೆಯ ತಂದೆತಾಯಿಗೆ ಮಿಶಿಗನ್‌ನಲ್ಲಿ ಹುಟ್ಟಿ ಬೆಳೆದವಳು, ಡಿಯರ್‌ಬಾರ್ನ್‌ನಲ್ಲಿ ಕಾರು ಕಂಪನಿಯೊಂದರ ಎಂಜಿನಿಯರ್. ಚಿಕ್ಕಂದಿನಲ್ಲಿ ಕಲಿತ ಭರತನಾಟ್ಯದ ತಿರುಗಿಸಿದ ಪಾದಗಳನ್ನೂ ನೆಲ ಬಡಿಯುವ ಅಭ್ಯಾಸವನ್ನೂ ಬಿಡಿಸಲು ಕುಮು ವರ್ಷಗಟ್ಟಲೆ ಬೆವರು ಹರಿಸಿದ್ದರು. "ನೆಲ ನಿನಗೇನು ಮಾಡಿದೆ? ಯಾಕೆ ಹೊಡೀತೀಯ?" ಎನ್ನುತ್ತಿದ್ದರಂತೆ. ವಾರಾಂತ್ಯ ಬಂದರೆ ಹುಡುಗಿ ಕಾರು ಹತ್ತಿ ಎರಡು ರಾಜ್ಯ ದಾಟಿ ಪಾಠಕ್ಕೆ ಹಾಜರ್. ಆ ಏಪ್ರಿಲ್‌ನಲ್ಲಿ ಕುಮು ಅವರ ಗಂಡ ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು ಇಬ್ಬರೂ ದ್ವೀಪಕ್ಕೆ ಹಿಂತಿರುಗುವುದು ನಿಶ್ಚಯವಾಗಿತ್ತು. ಅದರೊಳಗೆ ಈ ಹುಡುಗಿಯ ಪಾಠ ಪೂರ್ತಿಯಾಗಿ, ವಿಧಿಯಂತೆ ದೀಕ್ಷೆಯಾಗಿ, ಅವಳು ತಾನೇ ಕಲಿಸುವ ಅಧಿಕಾರ ಪಡೆಯಬೇಕು. ಇಲ್ಲವಾದರೆ ಕುಮು ಇಷ್ಟು ವರ್ಷ ಇಲ್ಲಿ ಕಲಿಸಿದ್ದು ಅವರ ಜೊತೆಗೇ ವಿಮಾನ ಹತ್ತಿಬಿಡುತ್ತಿತ್ತು. ಹಿಂದೆ ಯಾರನ್ನೂ ಅವರು ಆ ಮಟ್ಟಕ್ಕೆ ತಂದಿರಲಿಲ್ಲ.

ತೊಂದರೆ ಬಂದದ್ದು ಬಾಗಿಲಿನಿಂದ.

ಅವರ ಪದ್ಧತಿಯಲ್ಲಿ ಶಿಷ್ಯರು ಸೀದಾ ತರಗತಿಗೆ ನುಗ್ಗುವಂತಿಲ್ಲ. ಬಾಗಿಲ ಹೊರಗೆ ಸಾಲಾಗಿ ನಿಂತು, ಒಳಗೆ ಬರಲು ಅಪ್ಪಣೆ ಕೇಳುವ ಪದ್ಯವನ್ನು ಗಟ್ಟಿಯಾಗಿ ಹಾಡಬೇಕು. ಒಳಗಿರುವ ಗುರು ಕಿವಿಗೊಟ್ಟು ಕೇಳುತ್ತಾರೆ. ಸಮಾಧಾನವಾದರೆ ಉತ್ತರದ ಪದ್ಯ ಹಾಡುತ್ತಾರೆ. ಆಗ ಒಳಗೆ ಬರಬಹುದು. ಸಮಾಧಾನವಾಗದಿದ್ದರೆ ಮೌನ. ಮತ್ತೆ ಹಾಡಬೇಕು. ಹೊಟ್ಟೆಯಾಳದಿಂದ ಎಬ್ಬಿಸುವ ಹಾಡು ಅದು. ಉದ್ದ ಕಾರಿಡಾರಿನಲ್ಲಿ ಗುಂಯ್‌ಗುಟ್ಟಿ ಎಲ್ಲ ಬಾಗಿಲುಗಳನ್ನೂ ತಟ್ಟುತ್ತಿತ್ತು.

ಜನವರಿಯಲ್ಲಿ ನಡುವಿನ ಕೋಣೆಗೆ ತೆರಿಗೆ ಲೆಕ್ಕ ಮಾಡಿಕೊಡುವ ಆಫೀಸು ಬಂತು. ಶನಿವಾರ ಅವರಿಗೆ ಗಿರಾಕಿಗಳ ದಿನ. ಎರಡನೆಯ ವಾರಕ್ಕೇ ಪ್ಲಾಜಾದ ಮ್ಯಾನೇಜರ್ ಕುಮು ಅವರಿಗೆ ನೋಟಿಸು ಕಳಿಸಿದ: ಹಾಡು ನಿಲ್ಲಿಸಿ, ಇಲ್ಲವೇ ತಿಂಗಳ ಕೊನೆಗೆ ಜಾಗ ಖಾಲಿ ಮಾಡಿ.

ನಾನು ಅವನ ಹತ್ತಿರ ಹೋದೆ. ಅವನ ಭಯ ಏನೆಂದು ನನಗೆ ಗೊತ್ತಿತ್ತು. ಆಗಲೇ ಪ್ಲಾಜಾದ ಅರ್ಧ ಕಿಟಕಿಗಳಿಗೆ 'ಬಾಡಿಗೆಗಿದೆ' ಫಲಕ ಬಿದ್ದಿತ್ತು. "ತೆರಿಗೆಯವರು ಏಪ್ರಿಲ್ ಮಧ್ಯಕ್ಕೆ ಗಂಟುಮೂಟೆ ಕಟ್ತಾರೆ. ಈಯಮ್ಮ ವರ್ಷಗಳಿಂದ ಇದ್ದಾರೆ, ಊರು ಬಿಡೋವರೆಗೂ ಬಾಡಿಗೆ ತಪ್ಪಿಸಲ್ಲ. ಇವರೂ ಈಗ್ಲೇ ಹೋದ್ರೆ ಆ ಕಡೆ ಕಾರಿಡಾರ್‌ಗೆ ಹೀಟಿಂಗ್ ಯಾರಿಗೋಸ್ಕರ ಹಾಕ್ತೀರಿ?" ಎಂದೆ. ಅವನು ಕುರ್ಚಿಯಲ್ಲಿ ಮಿಸುಕಾಡಿದ. ಕೊನೆಗೆ ನಾನು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟ. ಕುಮು ಹೊರಡುವವರೆಗೂ ಕೋಣೆ ಅವರದ್ದೇ. ಬಾಡಿಗೆಯಲ್ಲೂ ಇಳಿಕೆ. ಒಂದೇ ಷರತ್ತು, ಬಾಗಿಲಲ್ಲಿ ಹಾಡು ಕೂಡದು.

"ಒಳಗೆ ಬಂದ ಮೇಲೆ ಏನಾದ್ರೂ ಹಾಡ್ಕೊಳ್ಲಿ. ನಾನು ಡ್ಯಾನ್ಸ್ ಬೇಡ ಅಂತಿಲ್ಲ," ಎಂದ.

ಇಂಥ ಕರಾರು ಕೈಗೆ ಬಂದಾಗ ನಾನು ಬಿಟ್ಟವಳೇ ಅಲ್ಲ. ಮುಂದಿನ ಶನಿವಾರವೇ ಕಾಗದ ಹಿಡಿದು ಕುಮು ಅವರ ಕೋಣೆಯತ್ತ ಹೊರಟೆ.

ಹೋಗಿ ನೋಡಿದರೆ ಶಿಷ್ಯೆಯರು ಬಾಗಿಲ ಹೊರಗೆ ನಿಂತು ಹಾಡುತ್ತಿದ್ದಾರೆ. ನೋಟಿಸು ಬಂದಮೇಲೂ! ಮುಂದೆ ಡಿಯರ್‌ಬಾರ್ನ್ ಹುಡುಗಿ. ಹಾಡು ಮುಗಿಯಿತು, ಒಳಗಿನಿಂದ ಸದ್ದಿಲ್ಲ. ಮತ್ತೆ ಹಾಡಿದರು. ಸದ್ದಿಲ್ಲ. ತೆರಿಗೆ ಆಫೀಸಿನಿಂದ ಒಬ್ಬ ತಲೆ ಹೊರಹಾಕಿ ನನ್ನನ್ನು ನೋಡಿ ಕೈ ಚೆಲ್ಲಿದ. ನಾನು ಬಾಗಿಲ ಹಿಡಿಗೆ ಕೈ ಹಾಕಿದೆ.

"ಆಂಟಿ, ಪ್ಲೀಸ್, ವೇಟ್ ಮಾಡ್ರಿ," ಹುಡುಗಿ ಪಿಸುಗುಟ್ಟಿದಳು.

"ಒಂದ್ನಿಮಿಷ ಕಣಮ್ಮ, ಒಂದು ಕಾಗದ ಕೊಡಬೇಕು ಅಷ್ಟೇ."

"ನೋ ಆಂಟಿ. ಅವ್ರಿಗೆ ಇನ್ನೂ ಸರಿ ಅನಸಿಲ್ಲ."

ಇನ್ನೊಮ್ಮೆ ಹಾಡಿದ ಮೇಲೆ ಒಳಗಿನಿಂದ ಕುಮು ಅವರ ದನಿ ಎದ್ದಿತು. ಎಲ್ಲರೂ ಒಳಗೆ ಹೋದರು, ಜೊತೆಗೆ ನಾನೂ. ಕುಮು ಪಾಠ ಶುರುಮಾಡಲಿಲ್ಲ. ಉಳಿದವರಿಗೆ ಮೂಲೆಯಲ್ಲಿ ಹೆಜ್ಜೆ ಅಭ್ಯಾಸಕ್ಕೆ ಹೇಳಿ, ಹುಡುಗಿಯನ್ನು ಚಾಪೆಯ ಮೇಲೆ ಎದುರಿಗೆ ಕೂರಿಸಿಕೊಂಡರು. ನಾನು ಪಕ್ಕದಲ್ಲೇ ಕಾಗದ ಹಿಡಿದು ನಿಂತಿದ್ದೆ. ಹೊರಗಿರಿ ಎಂದು ಅವರೂ ಹೇಳಲಿಲ್ಲ, ಹೋಗಬೇಕೆಂದು ನನಗೂ ಹೊಳೆಯಲಿಲ್ಲ.

"ಎಷ್ಟೋ ವಾರದಿಂದ ನಿನ್ನ ದನಿ ಗಂಟಲಿಂದ ಬರ್ತಿದೆ. ಏನು ಹೊತ್ಕೊಂಡು ಬರ್ತಿದ್ದೀಯ?" ಎಂದು ಕುಮು ಕೇಳಿದರು.

ಹುಡುಗಿ ಮೊದಲು ಚಳಿ ಎಂದಳು, ಡ್ರೈವ್ ಎಂದಳು. ಆಮೇಲೆ ಕಣ್ಣು ತುಂಬಿ ಬಂತು. ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚೆ, ನವೆಂಬರಿನಲ್ಲೇ, ಅವಳ ಕೆಲಸ ಹೋಗಿತ್ತು. ಇಡೀ ತಂಡವನ್ನೇ ತೆಗೆದಿದ್ದರು. ಒಬ್ಬರಿಗೂ ಹೇಳಿರಲಿಲ್ಲ. ತಂದೆತಾಯಿ ಇರುವುದು ಅವಳ ಅಪಾರ್ಟ್‌ಮೆಂಟಿನಿಂದ ಅರ್ಧ ಗಂಟೆ ದೂರದಲ್ಲಿ, ಅವರಿಗೂ ಹೇಳಿರಲಿಲ್ಲ. ನನ್ನ ಕಡೆ ತಿರುಗಿ, "ಅಮ್ಮಗ ಹೇಳಬ್ಯಾಡ್ರಿ ಆಂಟಿ. ಪ್ರಾಮಿಸ್ ಮಾಡ್ರಿ," ಎಂದಳು. ಮಾಡಿದೆ.

ಅವಳು ಎದ್ದುಹೋದ ಮೇಲೆ ಕುಮು ನನ್ನ ಕೈಯ ಕಾಗದ ನೋಡಿದರು. ಷರತ್ತು ವಿವರಿಸಿದೆ. ಇಂಥದ್ದು ಸಿಗುವುದೇ ಇಲ್ಲ ಎಂದೂ ಹೇಳಿದೆ. ಹಾಡನ್ನು ಒಳಗೇ ಹಾಡಿಸಬಹುದು, ಮೆಲ್ಲಗೆ ಹಾಡಿಸಬಹುದು ಎಂದು ದಾರಿಗಳನ್ನೂ ತೋರಿಸಿದೆ. ಅವರು ಸಿಟ್ಟಾಗಲಿಲ್ಲ.

"ನಿಮ್ಮ ಡಾಕ್ಟರು ನಾಡಿ ನೋಡ್ತಾರಲ್ಲ, ಇದು ನನ್ನ ನಾಡಿ ನೋಡೋ ಜಾಗ," ಎಂದರು. "ಯಾರು ಊಟ ಮಾಡಿಲ್ಲ, ಯಾರು ಜಗಳ ಆಡಿ ಬಂದಿದಾರೆ, ಯಾರು ಪದ್ಯ ಕಲಿತಿಲ್ಲ, ಎಲ್ಲಾ ಆ ಬಾಗಿಲಲ್ಲಿ ಕೇಳಿಸುತ್ತೆ. ಅದು ಕೇಳಿದ ಮೇಲೇ ಇವತ್ತು ಏನು ಕಲಿಸ್ಬೇಕು ಅಂತ ನನಗೆ ಗೊತ್ತಾಗೋದು. ಅದನ್ನು ಮಾರಿ ಕೋಣೆ ಉಳಿಸ್ಕೊಂಡ್ರೆ, ಆ ಕೋಣೆಯಲ್ಲಿ ಏನು ಮಾಡ್ಲಿ?"

ಹುಡುಗಿಯ ವಿಷಯ ಅವಳ ತಾಯಿಗೇ ಗೊತ್ತಿಲ್ಲ, ಗೋಡೆಯಾಚೆ ಕೂತ ಇವರಿಗೆ ಗೊತ್ತಾಗಿತ್ತು. ಕಲಿಸುವ ವಿಧಾನವನ್ನೇ ಬಿಟ್ಟುಕೊಟ್ಟರೆ ಉಳಿಯುವುದು ಬರೀ ನೆಲಬಾಡಿಗೆ. ನಾನು ಕಾಗದ ಮಡಚಿ ಚೀಲಕ್ಕೆ ಹಾಕಿದೆ. ಸೋಮವಾರ ಮ್ಯಾನೇಜರ್‌ಗೆ ಹಿಂದಿರುಗಿಸಿದೆ. ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. ನಾನು ಆಗ ಸೂತ್ರಕ್ಕೆ ಸೇರಿಸಿದ ಸಾಲು ಇದು: ಎದುರಿನವನ ಭಯ ತಿಳಿಯುವ ಮೊದಲು, ನಿಮ್ಮ ಕಡೆಯಲ್ಲಿ ಮಾರಾಟಕ್ಕಿಲ್ಲದ ವಸ್ತು ಯಾವುದೆಂದು ತಿಳಿದುಕೊಳ್ಳಿ. ನಾನು ಅದನ್ನು ಕೇಳದೆಯೇ ಹೋಗಿ ಬೆಲೆ ಕುದುರಿಸಿದ್ದೆ.

ಇನ್ನು ಜಾಗ ಹುಡುಕಬೇಕು. ಚರ್ಚುಗಳ ಸಭಾಂಗಣ, ಶಾಲೆಯ ಜಿಮ್, ಶಾಮ್‌ಬರ್ಗ್‌ನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಎಲ್ಲ ನೋಡಿದೆ. ಕೆಲವು ಕಡೆ ಹಾಡು ಬೇಡ ಎಂದರು, ಕೆಲವು ಕಡೆ ಶನಿವಾರ ಬೇಡ ಎಂದರು. ಹೀಗೆ ಶಾಮ್‌ಬರ್ಗ್ ಕಡೆಯಿಂದ ಬರುವಾಗ ರಸ್ತೆ ಬದಿಯಲ್ಲಿ ಒಂದು ಕಾರು ಶೋರೂಮ್ ಕಣ್ಣಿಗೆ ಬಿತ್ತು. ಆ ವರ್ಷ ಕಾರು ಕಂಪನಿಗಳು ಡೀಲರುಗಳನ್ನು ಕೈಬಿಡುತ್ತಿದ್ದವು. ಬೋರ್ಡು ಇಳಿಸಿದ್ದರು, ಅಂಗಳದ ತುಂಬ ಯಾರೂ ತುಳಿಯದ ಹಿಮ, ಗಾಜಿನ ಗೋಡೆಯ ಒಳಗೆ ಬರಿದಾದ ದೊಡ್ಡ ನೆಲ. ಆಜುಬಾಜು ಮನೆಯಿಲ್ಲ, ಆಫೀಸಿಲ್ಲ. ನಾನು ಕಾರು ನಿಲ್ಲಿಸಿ ಕಿಟಕಿಯ ಮೇಲಿದ್ದ ಫೋನ್ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಖಾಲಿ ಕಟ್ಟಡದ ಮಾಲೀಕನಿಗೆ ಎರಡು ಭಯ, ಬರೆದಿಟ್ಟುಕೊಳ್ಳಿ. ಒಂದು, ಚಳಿಗೆ ನೀರಿನ ಪೈಪು ಒಡೆಯುವುದು. ಇನ್ನೊಂದು, ವಿಮೆ. ಕಟ್ಟಡದಲ್ಲಿ ಬಹಳ ಕಾಲ ಯಾರೂ ಇಲ್ಲವೆಂದಾದರೆ ವಿಮೆಯವರು ಹಿಂದೆ ಸರಿಯುತ್ತಾರೆ. ಶೋರೂಮಿನ ಯಜಮಾನ ಎಪ್ಪತ್ತರ ಆಸುಪಾಸಿನ ಮನುಷ್ಯ, ಅಪ್ಪ ಕಟ್ಟಿದ ವ್ಯಾಪಾರವನ್ನು ತನ್ನ ಕೈಯಾರೆ ಮುಚ್ಚಿದವನು. ಉಣ್ಣೆಯ ಟೋಪಿ ಹಾಕಿಕೊಂಡು ಬಂದು ಬಾಗಿಲು ತೆಗೆದ.

"ಡ್ಯಾನ್ಸ್ ಕ್ಲಾಸಾ? ಬಾಡಿಗೆ ಎಷ್ಟು ಕೊಡ್ತೀರಿ?" ಎಂದ.

"ಬಾಡಿಗೆ ಕೊಡೋರು ಇದ್ದಿದ್ರೆ ನೀವು ಇಷ್ಟು ಹೊತ್ತು ನನ್ನ ಜೊತೆ ಚಳಿಯಲ್ಲಿ ನಿಲ್ತಿರಲಿಲ್ಲ," ಎಂದೆ. "ನಾವು ಇಲ್ಲಿ ಇರ್ತೀವಿ, ಅದೇ ನಿಮಗೆ ಲಾಭ. ದಿನಾ ಒಬ್ರು ಬಂದು ಪೈಪು ನೋಡ್ತಾರೆ. ಬಾಗಿಲ ಮುಂದಿನ ಹಿಮ ನಾವೇ ಎತ್ತಿಹಾಕ್ತೀವಿ. ಕಟ್ಟಡ ಬಳಕೆಯಲ್ಲಿದೆ ಅಂತ ನಿಮ್ಮ ವಿಮೆಯವರಿಗೆ ತೋರಿಸೋಕೆ ಕಾಗದ ಬರೆದುಕೊಡ್ತೀನಿ. ಯಾರಾದ್ರೂ ಜಾರಿ ಬಿದ್ರೆ ನನ್ನ ಕಂಪನಿಯ ವಿಮೆ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಜೀವಮಾನ ಎಲ್ಲಾ ಕಾರ್ ಮಾರಿದೀನಿ. ನಿಮ್ಮಂಥೋರು ಒಬ್ಬರು ನನ್ನ ಹತ್ರ ಸೇಲ್ಸ್‌ನಲ್ಲಿ ಇದ್ದಿದ್ರೆ..." ಎಂದು ನಕ್ಕ. ಪಾಠದ ಹೊತ್ತಿನಲ್ಲಿ ಹೀಟಿಂಗ್ ಅರವತ್ತೈದು ಡಿಗ್ರಿ ಫ್ಯಾರನ್‌ಹೀಟ್, ಉಳಿದಂತೆ ಪೈಪು ಉಳಿಯುವಷ್ಟು. ಕಟ್ಟಡ ಮಾರಾಟವಾದರೆ ತಕರಾರಿಲ್ಲದೆ ಖಾಲಿ ಮಾಡುವುದು. ಕೀಲಿಕೈಯ ಒಂದು ಪ್ರತಿ ನನಗೆ ಕೊಟ್ಟ.

ಮೊದಲ ದಿನವೇ ಹೊಸ ಎಡವಟ್ಟು. ಶೋರೂಮಿನ ಮುಂಬಾಗಿಲು ತಾನಾಗಿ ಸರಿಯುವ ಜಾತಿಯದು. ಶಿಷ್ಯೆಯರು ಸಾಲಾಗಿ ನಿಂತು ಬಾಯಿ ತೆರೆದರೋ ಇಲ್ಲವೋ, ಸುಯ್ ಎಂದು ತೆರೆದುಕೊಂಡಿತು. ಒಳಗೆ ಕುಮು ಚಾಪೆಯ ಮೇಲೆ ಕೂತು ಅವರನ್ನೇ ನೋಡುತ್ತಿದ್ದಾರೆ. ಹಿಂದೆ ಸರಿದರು, ಮುಚ್ಚಿಕೊಂಡಿತು. ಮತ್ತೆ ಹಾಡಿದರು, ಮತ್ತೆ ತೆರೆದುಕೊಂಡಿತು. ಡಿಯರ್‌ಬಾರ್ನ್ ಹುಡುಗಿ ನಕ್ಕು ನಕ್ಕು ಹಿಮದ ಮೇಲೆ ಕೂತುಬಿಟ್ಟಳು. ಒಳಗಿನಿಂದ ಕುಮು ಕೂಗಿದರು: "ಈ ಬಾಗಿಲಿಗೆ ಸ್ವಲ್ಪ ಮರ್ಯಾದೆ ಕಲಿಸ್ರಮ್ಮ!" ಹುಡುಗಿಯೇ ಏಣಿ ಹತ್ತಿ ಮೇಲಿನ ಪೆಟ್ಟಿಗೆ ಬಿಚ್ಚಿ ಸೆನ್ಸರ್ ಬಂದ್ ಮಾಡಿದಳು. ಅಂದಿನಿಂದ ಅದು ಕೈಯಿಂದ ತಳ್ಳಿದರೆ ಮಾತ್ರ ಸರಿಯುವ ಸಾಧು ಬಾಗಿಲಾಯಿತು.

ನೆಲದ್ದು ಇನ್ನೊಂದು ಕಥೆ. ಕಾಂಕ್ರೀಟಿನ ಮೇಲೆ ಟೈಲ್ಸು. ಕಾರಿಗೆ ಸರಿ, ಬಾಗಿದ ಮೊಣಕಾಲಿಗೆ ಶತ್ರು. ಒಂದೇ ತರಗತಿಗೆ ಕುಮು ಗೋಡೆ ಹಿಡಿದು ನಡೆಯುವಂತಾಯಿತು. ವಿಮಾನ ನಿಲ್ದಾಣದ ಪಕ್ಕ ವ್ಯಾಪಾರ ಮೇಳಗಳು ನಡೆಯುವ ದೊಡ್ಡ ಹಾಲ್‌ಗಳಿವೆ. ಮೇಳ ಮುಗಿದ ಮೇಲೆ ರತ್ನಗಂಬಳಿ, ಅದರಡಿಯ ಮೆತ್ತೆಯನ್ನೆಲ್ಲ ಸುತ್ತಿ ಕಸಕ್ಕೆ ಹಾಕುತ್ತಾರೆಂದು ನನಗೆ ಗೊತ್ತಿತ್ತು. ಅಲ್ಲಿಯ ಮೇಸ್ತ್ರಿಯ ಹತ್ತಿರ ಹೋಗಿ, ಕಸ ಸಾಗಿಸುವ ಖರ್ಚು ನಿಮಗೆ ಉಳಿಯುತ್ತದೆ, ನಾವೇ ಟ್ರಕ್ಕು ತರುತ್ತೇವೆ ಎಂದೆ. ಮೇಲೊಂದು ದೊಡ್ಡ ಟ್ರೇ ಬಿಸಿಬೇಳೆ ಬಾತ್. ಮುಂದಿನ ವಾರ ಅವನೇ ಫೋನ್ ಮಾಡಿ, "ಪ್ಲೈವುಡ್ ಹಲಗೆ ಬೇಕಾ? ಆ ಹಳದಿ ಅನ್ನ ಇನ್ನೊಂದ್ಸಲ ತರ್ತೀರಾ?" ಎಂದ. ಮೆತ್ತೆ, ಮೇಲೆ ಪ್ಲೈವುಡ್, ಅದರ ಮೇಲೆ ಗಂಬಳಿ. ಕುಮು ಬರಿಗಾಲಲ್ಲಿ ನಡೆದು ನೋಡಿ ತಲೆಯಾಡಿಸಿದರು.

ಫೆಬ್ರವರಿಯೆಲ್ಲ ಹೀಗೆ ಸಾಗಿತು. ಗಾಜಿನ ಹೊರಗಿನಿಂದ ನೋಡಿ, ಡಿಸ್ಕೌಂಟ್ ಸೇಲ್ ಇದೆಯಾ ಎಂದು ಕೇಳಿಕೊಂಡು ಬಂದವರೂ ಉಂಟು. ಹುಡುಗಿ ಈಗ ವಾರಾಂತ್ಯವಷ್ಟೇ ಅಲ್ಲ, ವಾರದ ನಡುವೆಯೂ ಬಂದು ನನ್ನ ಮನೆಯ ಬೇಸ್‌ಮೆಂಟಿನಲ್ಲಿ ಉಳಿದು ಕಲಿಯುತ್ತಿದ್ದಳು. ಕೆಲಸಗಳಿಗೂ ಅಲ್ಲಿಂದಲೇ ಅಪ್ಲೈ ಮಾಡುತ್ತಿದ್ದಳು. ಭಾನುವಾರ ತಾಯಿಯ ಫೋನ್ ಬಂದರೆ ಮಾತ್ರ ಮೇಲೆ ಬಂದು ನನ್ನ ಮುಖ ನೋಡಿ ಮತ್ತೆ ಕೆಳಗಿಳಿಯುತ್ತಿದ್ದಳು.

"ಹೇಳಿಬಿಡೇ. ತಾಯಿ ಏನು ನುಂಗಿಬಿಡ್ತಾರಾ?"

"ಆಂಟಿ, ಅಮ್ಮ ಎಲ್ಲಾ ಪಾರ್ಟಿನಾಗ ನನ್ನ ಜಾಬ್ ಬಗ್ಗೆನ ಹೇಳ್ತಾಳ. ಹೂಲಾ ಬಗ್ಗೆ ಒಮ್ಮೆನೂ ಹೇಳಿಲ್ಲ. ಈಗ ಜಾಬ್ ಇಲ್ಲ, ಬರೇ ಹೂಲಾ ಅದ ಅಂತ ಹೆಂಗ ಹೇಳ್ಲಿ?"

ಉಪದೇಶ ಬಿಟ್ಟು ಅವಳಿಗೆ ಕಾಫಿ ಬೆರೆಸಿಕೊಟ್ಟೆ. ಅಪರೂಪವೇ.

ಮಾರ್ಚ್ ಮೊದಲಲ್ಲಿ ಯಜಮಾನ ಫೋನ್ ಮಾಡಿದ. ಪೀಠೋಪಕರಣದ ಅಂಗಡಿಯವನೊಬ್ಬ ಕಟ್ಟಡ ಕೊಳ್ಳಲು ಒಪ್ಪಿದ್ದ. ತಿಂಗಳ ಮಧ್ಯಕ್ಕೆ ಖಾಲಿ ಬೇಕು. ಕರಾರು ಕರಾರೇ, ನಾನು ಎಳೆದಾಡಲಿಲ್ಲ. ದೀಕ್ಷೆಯನ್ನು ಮಾರ್ಚ್ ಕೊನೆಗೆ ಇಟ್ಟುಕೊಂಡಿದ್ದ ಕುಮು ಅದನ್ನು ತಿಂಗಳ ಮಧ್ಯದೊಳಗೇ ಮುಗಿಸಲು ನಿಶ್ಚಯಿಸಿದರು. ಎಲ್ಲ ಅವಸರವಾಯಿತು. ದೀಕ್ಷೆಯ ಪೂಜಾಪೀಠದ ಅಲಂಕಾರಕ್ಕೆ ದ್ವೀಪದಿಂದ ಟೀ ಎಂಬ ಗಿಡದ ಎಲೆಗಳು ಬರಬೇಕಿತ್ತು. ನಾವು ಕುಡಿಯುವ ಟೀಗೂ ಇದಕ್ಕೂ ನಂಟಿಲ್ಲ. ಕೈಯಗಲದ, ಮಿರುಗುವ ಹಸಿರೆಲೆ. ಅವರ ವಿಧಿಗೆ ಅದು ನಮ್ಮ ಕಳಶದ ಮಾವಿನೆಲೆ ಇದ್ದಂತೆ. ಅವಸರದ ಬುಕಿಂಗ್‌ನಲ್ಲಿ ಪೆಟ್ಟಿಗೆ ಓ'ಹೇರ್‌ನ ಬಯಲಲ್ಲಿ ಎಲ್ಲೋ ಗಾಳಿಗೆ ಕೂತಿತ್ತು. ತೆಗೆದು ನೋಡಿದರೆ ಎಲೆಗಳೆಲ್ಲ ಬೇಯಿಸಿದ ಪಾಲಕ್ಕಿನಂತೆ ಕಪ್ಪಗೆ ಮೆತ್ತಗಾಗಿದ್ದವು. ಬೆಳೆಯುವ ವಸ್ತುವನ್ನು ತರಿಸುವಾಗ ಬಿಸಿ ಗೋದಾಮಿನಲ್ಲಿ ಇಡಬೇಕೆಂದು ಮೊದಲೇ ಬರೆಸಿಕೊಳ್ಳಿ.

"ಡಿವಾನ್ ರಸ್ತೆಯ ನಮ್ಮವರ ಅಂಗಡಿಗಳಲ್ಲಿ ಬಾಳೆಲೆ ಸಿಗುತ್ತೆ, ಒಂದು ಗಂಟೆಯಲ್ಲಿ ತರ್ತೀನಿ," ಎಂದೆ ಕುಮು ಅವರಿಗೆ.

"ಬಾಳೆಲೆ ಊಟಕ್ಕೆ ಇರಲಿ," ಎಂದು ಅವರು ನನ್ನನ್ನು ಮನೆಗೆ ಕರೆದೊಯ್ದರು. ಊಟದ ಕೋಣೆಯ ಕಿಟಕಿಯಲ್ಲಿ ಕುಂಡದಲ್ಲೊಂದು ಟೀ ಗಿಡ. ದ್ವೀಪ ಬಿಟ್ಟಾಗ ತಮ್ಮ ಗುರುವಿನ ಅಂಗಳದಿಂದ ತಂದ ತುಂಡಂತೆ. ಇಷ್ಟು ವರ್ಷ ಒಂದೆಲೆಯನ್ನೂ ಕಿತ್ತಿರಲಿಲ್ಲ. ಗಿಡದ ಮುಂದೆ ನಿಂತು ಮೆಲುದನಿಯಲ್ಲಿ ಅಪ್ಪಣೆ ಕೇಳಿದರು. ನನ್ನಜ್ಜಿ ತುಳಸಿ ಕೀಳುವ ಮುಂಚೆ ಮಾಡುತ್ತಿದ್ದದ್ದೂ ಇದನ್ನೇ. ಆಮೇಲೆ ತುದಿಯ ಚಿಗುರೊಂದನ್ನು ಬಿಟ್ಟು ಎಲ್ಲ ಎಲೆಗಳನ್ನೂ ಬಿಡಿಸಿ ನನ್ನ ಮಡಿಲಿಗೆ ಹಾಕಿದರು. "ಚಿಗುರು ಹುಡುಗಿ ಹತ್ರ ಇರಲಿ. ನಾನು ಹೋಗೋ ಕಡೆ ಇದು ಬೇಕಾದಷ್ಟಿದೆ," ಎಂದರು.

ದೀಕ್ಷೆಯ ದಿನ ಬೆಳಿಗ್ಗೆ ಹತ್ತೋ ಹನ್ನೆರಡೋ ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವುದಕ್ಕಿಂತ ಎಷ್ಟೋ ಕೆಳಗಿನ ಚಳಿ ಇತ್ತು. ಕುಮು ಮತ್ತು ಉಳಿದ ಶಿಷ್ಯೆಯರು ಮುಂಚೆಯೇ ಒಳಗಿದ್ದರು. ಗಾಜಿಗೆಲ್ಲ ಒಳಗಿನಿಂದ ಬಿಳಿ ಕಾಗದ ಅಂಟಿಸಿದ್ದರು. ಹುಡುಗಿ ಒಬ್ಬಳೇ ಹೊರಗೆ, ಬರಿಗಾಲಲ್ಲಿ, ರಬ್ಬರ್ ಚಾಪೆಯ ಮೇಲೆ ನಿಂತಿದ್ದಳು. ಭುಜದ ಮೇಲೆ ಒಂದು ಶಾಲು. ಅವಳ ಹಿಂದೆ ನಾನು, ಮಗಳು ಕರೆದಳೆಂದು ಆಗತಾನೇ ಮಿಶಿಗನ್‌ನಿಂದ ಬಂದಿಳಿದ ಅವಳ ತಾಯಿ, ಕೊನೆಯ ಬಾರಿ ಕಟ್ಟಡ ನೋಡಲು ಬಂದ ಯಜಮಾನ. ಪ್ರಸಾದಕ್ಕೆಂದು ತಾಯಿ ಒಂದು ಡಬ್ಬಿ ಧಾರವಾಡ ಪೇಢೆ ಹಿಡಿದಿದ್ದರು.

ಹುಡುಗಿ ಹಾಡಿದಳು. ಚೆನ್ನಾಗಿಯೇ ಹಾಡಿದಳು ಅನ್ನಿಸಿತು ನನಗೆ. ಒಳಗಿನಿಂದ ಉತ್ತರವಿಲ್ಲ. ಮತ್ತೆ ಹಾಡಿದಳು. ಇಲ್ಲ. ಬಾಯಿಂದ ಹೊರಟ ಹಬೆ ಮುಖದ ಮುಂದೆಯೇ ನಿಂತಿತ್ತು.

"ಇಕೀನ ಯಾಕ ಹೊರಗ ನಿಲ್ಲಿಸ್ಯಾರ?" ತಾಯಿ ನನ್ನ ಕಿವಿಯಲ್ಲಿ ಕೇಳಿದರು. "ಕೀಲಿ ನಿಮ್ಮ ಹತ್ರ ಅದ ಅಂದ್ಳಲ್ರೀ? ತಗೀರಿ ಮತ್ತ. ಹುಡುಗಿ ನಡಗಲಿಕ್ಕತ್ತಾಳ."

"ಇದೆ. ಆದ್ರೆ ಅವರು ಕರೀಬೇಕು."

"ನಿಮ್ಮ ಕುಮುಗ ಕಿವಿ ಕೇಳ್ತದೋ ಇಲ್ಲೋ!"

"ಅದೊಂದು ಮಾತ್ರ ಹೇಳ್ಬೇಡಿ," ಎಂದೆ.

ಯಜಮಾನ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಜೇಬಿನಲ್ಲೂ ಕೀಲಿಯಿತ್ತು. ಅವನೂ ಕದಲಲಿಲ್ಲ. ಹುಡುಗಿ ಇನ್ನೊಮ್ಮೆ ಉಸಿರೆಳೆದುಕೊಂಡಳು, ಆದರೆ ಹಾಡಲಿಲ್ಲ. ತಿರುಗಿ ತಾಯಿಯನ್ನು ನೋಡಿದಳು.

"ಅಮ್ಮಾ. ನನ್ನ ಜಾಬ್ ಹೋಗೇದ. ಥ್ಯಾಂಕ್ಸ್‌ಗಿವಿಂಗ್ ಮೊದಲ ಹೋತು."

ರಸ್ತೆಯಲ್ಲಿ ಹಿಮ ಕರಗಲು ಉಪ್ಪು ಚೆಲ್ಲುವ ಲಾರಿಯೊಂದು ಗಡಗಡಿಸುತ್ತಾ ಹೋಯಿತು. ಅದು ದಾಟುವವರೆಗೆ ತಾಯಿ ಕಾದರು.

"ಗೊತ್ತದ ನನಗ."

"ಗೊತ್ತದ? ಹೂ ಟೋಲ್ಡ್ ಯು? ಆಂಟಿ ಹೇಳಿದ್ರೇನು?"

"ಯಾರು ಹೇಳಬೇಕ? ಪ್ರತಿ ಆಯ್ತವಾರ ಫೋನಿನಾಗ ನಿನ್ನ ಬಾಸ್‌ಗ ಬೈತಿದ್ದಿ. ಥ್ಯಾಂಕ್ಸ್‌ಗಿವಿಂಗ್ ಆದಮ್ಯಾಲೆ ಒಮ್ಮೆನೂ ಬೈಲಿಲ್ಲ. ಅಷ್ಟು ಚಲೋ ಮನಷ್ಯಾ ಯಾವಾಗ ಆದ ಅವ?" ತಾಯಿ ಪೇಢೆಯ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿದರು. "ಇಂದ ಹೇಳ್ತಾಳ, ನಾಳಿ ಹೇಳ್ತಾಳ ಅಂತ ಕಾಯ್ಕೋತ ಕೂತಿದ್ದೆ. ಹೇಳಲಿಕ್ಕೆ ಇಲ್ಲೀತನಕ ಡ್ರೈವ್ ಮಾಡಿಸಿದಿ ನೋಡು. ಈಗ ಆ ಕಡೆ ತಿರುಗು. ಕಾಲು ಸೆಟದು ಹೋಗ್ತಾವ."

ಹುಡುಗಿ ಅಳುತ್ತಲೇ ನಕ್ಕಳು. ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ತಿರುಗಿದಳು. ಶಾಲನ್ನು ತೆಗೆದು ತಾಯಿಯ ಕೈಗೆ ಕೊಟ್ಟಳು.

ಆ ಸಲದ ಹಾಡನ್ನು ಹೇಗೆಂದು ಬರೆಯಲಿ? ಪದ್ಯ ಅದೇ, ರಾಗ ಅದೇ. ಆದರೆ ಅದುವರೆಗೆ ನಾನು ಕೇಳುತ್ತಿದ್ದದ್ದು ಬಾಯಿಯ ಹಾಡು ಎಂದು ಆಗ ತಿಳಿಯಿತು. ಖಾಲಿ ಅಂಗಳದ ಮೇಲೆ ಹರಡಿ, ಎದುರಿನ ಮುಚ್ಚಿದ ಅಂಗಡಿಗಳ ಗೋಡೆಗೆ ತಾಗಿ ಅದು ನಮ್ಮ ಬೆನ್ನಿಗೆ ವಾಪಸ್ಸು ಬಂತು. ಕೊನೆಯ ಅಕ್ಷರ ಮುಗಿಯುವ ಮುಂಚೆಯೇ ಒಳಗಿನಿಂದ ಕುಮು ಅವರ ದನಿ ಎದ್ದಿತು. ಅವರು ಅಷ್ಟು ಬೇಗ ಉತ್ತರ ಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನಾನು ಕೈಗವಸು ಬಿಚ್ಚಿ ಜೇಬಿನಲ್ಲಿ ಕೀಲಿಗೆ ತಡಕಾಡುತ್ತಿದ್ದೆ. ಅಷ್ಟರಲ್ಲಿ ಹುಡುಗಿ ಬಾಗಿಲಿನ ಮೇಲೆ ಅಂಗೈ ಇಟ್ಟು ತಳ್ಳಿದಳು. ಬಾಗಿಲು ಮೆಲ್ಲಗೆ ಸರಿಯಿತು. ಬೆಳಗಿನಿಂದಲೂ ಅದಕ್ಕೆ ಬೀಗ ಹಾಕಿರಲಿಲ್ಲ.

ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿತು. ಅದರಾಚೆ ಮಧ್ಯಾಹ್ನದವರೆಗೆ ನಡೆದದ್ದನ್ನು ಬರೆಯುವ ಹಕ್ಕು ನನಗಿಲ್ಲ. ಕುಮು ಅವರ ಕಟ್ಟಳೆ ಅದು. ಹೊರಗೆ ನಾವು ಮೂವರು ಉಳಿದೆವು. ತಾಯಿ ಪೇಢೆಯ ಡಬ್ಬಿ ತೆರೆದು ಮೊದಲು ಯಜಮಾನನ ಮುಂದೆ ಹಿಡಿದರು. ಅವನು ಒಂದನ್ನು ಬಾಯಿಗೆ ಹಾಕಿಕೊಂಡು, ತನ್ನ ಅಪ್ಪ ಕಟ್ಟಿಸಿದ ಕಟ್ಟಡದ ಕಡೆ ಕೈ ತೋರಿಸಿ ನನ್ನನ್ನು ಕೇಳಿದ:

"ನಾವು ಯಾವಾಗ ಒಳಗೆ ಹೋಗಬಹುದು?"

"ಕರೆದಾಗ," ಎಂದೆ.

ಅವನು ತಲೆಯಾಡಿಸಿ, ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡು, ನಮ್ಮ ಪಕ್ಕದಲ್ಲಿ ಸಾಲಾಗಿ ನಿಂತ.